ಡೀಸೆಲ್ ಬುಲೆಟ್‌ಗೆ ನಿಜಕ್ಕೂ ಸಾವಿಲ್ಲವೇ? ಎಂಜಿನ್ ಬದಲಿಸಿದ ಬೈಕ್‌ಗಳ ಬಾಳಿಕೆಯ ಲೆಕ್ಕ

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಬಗೆಯ ವಿಡಿಯೊ ಮತ್ತೆ ಓಡಾಡಲು ಶುರುವಾಗುತ್ತದೆ. ಹಳೆಯ ಬುಲೆಟ್, ಅದರ ನಡುವೆ ಪಂಪ್‌ಸೆಟ್ಟಿನಂಥ ಎಂಜಿನ್, ಟಕ್ ಟಕ್ ಎಂಬ ಸದ್ದು. ಜೊತೆಗಿರುವ ಬರಹದ ಸಾರ ಹೆಚ್ಚುಕಡಿಮೆ ಒಂದೇ. ಲೀಟರಿಗೆ 90 ಕಿ.ಮೀ. ಓಡುತ್ತದೆ. ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ, ಆದ್ದರಿಂದ ರಿಪೇರಿಯೂ ಇಲ್ಲ. ಅಡುಗೆ ಎಣ್ಣೆ ಸುರಿದರೂ ನಡೆಯುತ್ತದೆ. ಎಂಜಿನ್ ಜೀವಮಾನಪೂರ್ತಿ ಬಿಚ್ಚುವ ಹಾಗಿಲ್ಲ.

ಇದನ್ನು ನೋಡಿ ನಕ್ಕು ಮುಂದೆ ಹೋಗುವವರಿದ್ದಾರೆ. ಹಳೆಯ ಬೈಕ್ ಹುಡುಕಿ, ಎಂಜಿನ್ ಕೊಂಡು, ವೆಲ್ಡಿಂಗ್ ಅಂಗಡಿಗೆ ಹಣ ಕೊಡಲು ಹೊರಡುವವರೂ ಇದ್ದಾರೆ. ಆ ಹಣದ ಜೊತೆಗೆ ಓಡಿಸುವವರ ಕೈಕಾಲೂ ಪಣಕ್ಕೆ ಬೀಳುವುದರಿಂದ, ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಉಪ್ಪುಖಾರ ಎಂದು ನಾವು ಒಂದೊಂದಾಗಿ ನೋಡೋಣ.

ಡೀಸೆಲ್ ಬುಲೆಟ್ ಕಟ್ಟುಕತೆಯಲ್ಲ

ಮೊದಲು ನಿಜದ ಪಾಲು. ಡೀಸೆಲ್ ಮೋಟಾರ್ ಸೈಕಲ್ ನಮ್ಮ ದೇಶದಲ್ಲಿ ಕಾರ್ಖಾನೆಯಿಂದಲೇ ಬರುತ್ತಿತ್ತು. ಚೆನ್ನೈನ ಎನ್‌ಫೀಲ್ಡ್ ಕಂಪನಿ 1980 ಮತ್ತು 90ರ ದಶಕಗಳಲ್ಲಿ ಇದನ್ನು ಮಾರಿತು. 'ಟಾರಸ್' ಎಂಬ ಹೆಸರಿನಿಂದ ಹಲವರಿಗೆ ನೆನಪಿರುತ್ತದೆ. ಅದರಲ್ಲಿದ್ದುದು ಇಟಲಿಯ ಲೊಂಬಾರ್ಡಿನಿ ವಿನ್ಯಾಸವನ್ನು ಆಧರಿಸಿ ಗ್ರೀವ್ಸ್ ತಯಾರಿಸಿದ 325 ಸಿಸಿ ಎಂಜಿನ್. ಶಕ್ತಿ ಸುಮಾರು 6.5 ಎಚ್‌ಪಿ, ಗರಿಷ್ಠ ವೇಗ ಗಂಟೆಗೆ ಸುಮಾರು 65 ಕಿ.ಮೀ. ಲೀಟರಿಗೆ 70 ಕಿ.ಮೀ.ಗೂ ಹೆಚ್ಚು ಓಡುತ್ತಿತ್ತು ಎಂಬುದೂ ಸುಳ್ಳಲ್ಲ. ಆಗ ಡೀಸೆಲ್ ಬೆಲೆ ಪೆಟ್ರೋಲ್‌ಗಿಂತ ಬಹಳ ಕಡಿಮೆ ಇತ್ತು. ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಗೊತ್ತಿದ್ದವರಿಗೆ ಈ ಬೈಕಿನ ಎಂಜಿನ್ ಹೊಸದೇನೂ ಆಗಿರಲಿಲ್ಲ.

ಬೈಕ್ ಮತ್ತು ಡೀಸೆಲ್ ಎಂಜಿನ್ನಿನ ನಂಟು ಇನ್ನೂ ಹಲವು ಕಡೆ ಇದೆ. ಗುಜರಾತಿನ ಸೌರಾಷ್ಟ್ರದಲ್ಲಿ ಬುಲೆಟ್ಟಿನ ಮುಂಭಾಗಕ್ಕೆ ಡೀಸೆಲ್ ಎಂಜಿನ್ ಮತ್ತು ಹಿಂದೆ ಎರಡು ಚಕ್ರದ ಗಾಡಿ ಜೋಡಿಸಿದ 'ಛಕಡಾ' ದಶಕಗಳ ಕಾಲ ಜನರನ್ನೂ ಸರಕನ್ನೂ ಸಾಗಿಸಿದೆ. ಜರ್ಮನಿಯಲ್ಲಿ ಎನ್‌ಫೀಲ್ಡ್ ಚೌಕಟ್ಟಿಗೆ ಹಾಟ್ಸ್ ಕಂಪನಿಯ ಎಂಜಿನ್ ಕೂರಿಸಿದ 'ಸೊಮ್ಮರ್' ಬೈಕ್‌ಗಳು ಬಂದವು. ಅಮೆರಿಕದ ಮರೀನ್ ಪಡೆ ಕವಾಸಾಕಿ ಬೈಕಿನ ಮೈಗೆ ಡೀಸೆಲ್ ಎಂಜಿನ್ ಹಾಕಿಸಿತು. ಅಲ್ಲಿ ಮೈಲೇಜ್ ಎರಡನೆಯ ಮಾತು. ಯುದ್ಧಭೂಮಿಯಲ್ಲಿ ಟ್ಯಾಂಕು, ಟ್ರಕ್ಕು, ಬೈಕು ಎಲ್ಲವೂ ಒಂದೇ ಇಂಧನದಲ್ಲಿ ಓಡಬೇಕು ಎಂಬುದು ಮುಖ್ಯ ಕಾರಣ.

ಅಂದರೆ ಡೀಸೆಲ್ ಬೈಕ್ ಓಡುತ್ತದೆ, ಅನುಮಾನವಿಲ್ಲ. ಓಡುವುದು ಬೇರೆ, ಹತ್ತು ವರ್ಷ ನಂಬಿಕೆಯಿಂದ ಓಡುವುದು ಬೇರೆ.

ಡೀಸೆಲ್ ಎಂಜಿನ್ ಏಕೆ ಗಟ್ಟಿ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಕಿಡಿ ಬೇಕಿಲ್ಲ. ಬರೀ ಗಾಳಿಯನ್ನು ಅದರ ಗಾತ್ರದ ಹದಿನೇಳರಿಂದ ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿ ಗಾಳಿಗೆ ನಾಝಲ್ ಮೂಲಕ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಪೆಟ್ರೋಲ್ ಬೈಕ್‌ನಲ್ಲಿ ಈ ಒತ್ತುವಿಕೆ ಎಂಟರಿಂದ ಹತ್ತು, ಹನ್ನೊಂದು ಪಟ್ಟು ಮಾತ್ರ.

ಇಷ್ಟು ಒತ್ತಡ ತಡೆಯಬೇಕೆಂದರೆ ಪಿಸ್ಟನ್, ಕ್ರ್ಯಾಂಕ್, ಬೇರಿಂಗ್, ಸಿಲಿಂಡರ್ ಎಲ್ಲವನ್ನೂ ದಪ್ಪವಾಗಿ, ಭಾರವಾಗಿ ಮಾಡಲೇಬೇಕು. ಜೊತೆಗೆ ಗವರ್ನರ್ ಎಂಬ ಕಾವಲುಗಾರ ಇರುತ್ತಾನೆ. ಎಂಜಿನ್ ನಿಮಿಷಕ್ಕೆ 3,000 ಅಥವಾ 3,600 ಸುತ್ತು ಮೀರದಂತೆ ಆತ ನೋಡಿಕೊಳ್ಳುತ್ತಾನೆ. ಪೆಟ್ರೋಲ್ ಬೈಕ್‌ನ ಎಂಜಿನ್ 7,000–8,000 ಸುತ್ತು ಸುಲಭವಾಗಿ ತಿರುಗುತ್ತದೆ. ಭಾರವಾದ ಭಾಗಗಳು ನಿಧಾನವಾಗಿ ತಿರುಗಿದರೆ ಸವೆತ ಕಡಿಮೆ. ಡೀಸೆಲ್ ಎಂಜಿನ್ನಿನ ದೀರ್ಘಾಯುಷ್ಯದ ಗುಟ್ಟು ಇಷ್ಟೇ.

ಗಮನಿಸಬೇಕಾದ್ದು ಒಂದಿದೆ. ಈ ಹೆಸರು ಗಳಿಸಿದ್ದು ಸಿಮೆಂಟ್ ಕಟ್ಟೆಯ ಮೇಲೆ ಬೋಲ್ಟ್ ಬಿಗಿದು ಕೂರಿಸಿದ, ಒಂದೇ ವೇಗದಲ್ಲಿ, ಒಂದೇ ಹೊರೆಯಲ್ಲಿ ಓಡುವ ಎಂಜಿನ್. ಅದರ ನಡುಕವೆಲ್ಲ ನೆಲಕ್ಕೆ ಇಳಿಯುತ್ತದೆ. ಬೈಕಿಗೆ ಬಂದರೆ ಅದೇ ಎಂಜಿನ್ ಗುಂಡಿ, ಹಂಪು, ದೂಳು, ಗೇರ್ ಬದಲಾವಣೆ, ಟ್ರಾಫಿಕ್ಕಿನ ಬಿಸಿ ಎಲ್ಲವನ್ನೂ ಎದುರಿಸಬೇಕು. ನಡುಕ ಇಳಿಯಲು ಅಲ್ಲಿ ನೆಲವಿಲ್ಲ. ಅದು ಹೋಗುವುದು ಚೌಕಟ್ಟಿಗೆ ಮತ್ತು ಸವಾರನ ಕೈಗೆ.

ಎಂಜಿನ್ ಉಳಿದರೂ ಬೈಕ್ ಉಳಿಯುವುದಿಲ್ಲ

ಎಂಜಿನ್ ಬದಲಿಸಿದ ಬೈಕಿನಲ್ಲಿ ಎಂಜಿನ್ ಕೆಡುವ ಎಷ್ಟೋ ಮೊದಲೇ ಅದರ ಸುತ್ತಲಿನ ಭಾಗಗಳು ಕೈಕೊಡುತ್ತವೆ.

ಹಳೆಯ ಬುಲೆಟ್ಟನ್ನೇ ಎಲ್ಲರೂ ಏಕೆ ಆರಿಸುತ್ತಾರೆ? ಅದರಲ್ಲಿ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಎಂಜಿನ್ ಕೆಳಗಿಳಿಸಿದರೂ ಗೇರ್‌ಬಾಕ್ಸ್ ಚೌಕಟ್ಟಿನಲ್ಲೇ ಉಳಿಯುತ್ತದೆ. ಈಗಿನ ಬೈಕ್‌ಗಳಲ್ಲಿ ಎರಡೂ ಒಂದೇ ಎರಕದೊಳಗೆ ಇರುವುದರಿಂದ ಎಂಜಿನ್ ತೆಗೆದರೆ ಗೇರ್‌ಬಾಕ್ಸೂ ಹೋಯಿತು. ಹೀಗಾಗಿ ಬುಲೆಟ್ಟಿನ ಗೇರ್‌ಬಾಕ್ಸ್‌ಗೆ ಡೀಸೆಲ್ ಎಂಜಿನ್ನಿನ ಶಾಫ್ಟನ್ನು ಹೇಗಾದರೂ ಸೇರಿಸಬೇಕು. ಅದಕ್ಕೆ ಲೇತ್ ಅಂಗಡಿಯಲ್ಲಿ ಒಂದು ಅಡಾಪ್ಟರ್ ತಿರುಗಿಸುತ್ತಾರೆ, ದಪ್ಪ ತಗಡು ಕತ್ತರಿಸಿ ಎಂಜಿನ್ ಕೂರಿಸುವ ಪ್ಲೇಟ್ ಮಾಡುತ್ತಾರೆ. ಎಂಜಿನ್ ತಿರುಗುವ ದಿಕ್ಕು ಹೊಂದಬೇಕು, ಸ್ಪ್ರಾಕೆಟ್‌ಗಳು ಒಂದೇ ಗೆರೆಯಲ್ಲಿರಬೇಕು. ಬೈಕಿನ ಆಯುಷ್ಯ ನಿಂತಿರುವುದು ಈ ಕೈಕೆಲಸದ ಮೇಲೆ.

ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ಸಮನಾಗಿ ಎಳೆಯುವುದಿಲ್ಲ, ಸುತ್ತಿಗೆಯಂತೆ ಹೊಡೆಯುತ್ತದೆ. ಎರಡು ಸುತ್ತಿಗೆ ಒಂದು ಹೊಡೆತ. ನಡುವೆ ಗಾಳಿಯನ್ನು ಒತ್ತುವಾಗ ಎಂಜಿನ್ ತಿಣುಕುತ್ತದೆ, ಮತ್ತೆ ಜಿಗಿಯುತ್ತದೆ. ಈ ಎಳೆದಾಟ ಮೊದಲು ತಾಗುವುದು ಕ್ಲಚ್ ಪ್ಲೇಟ್, ಪ್ರೈಮರಿ ಚೈನ್, ಹಿಂದಿನ ಚೈನ್, ಚಕ್ರದೊಳಗಿನ ರಬ್ಬರುಗಳಿಗೆ. ಅಡಾಪ್ಟರ್ ಕೂದಲೆಳೆಯಷ್ಟು ಓರೆಯಿದ್ದರೂ ಎಂಜಿನ್ನಿನ ಬೇರಿಂಗ್ ಮತ್ತು ಆಯಿಲ್ ಸೀಲ್ ಬೇಗ ಹೋಗುತ್ತವೆ. ಆಮೇಲೆ ನಟ್ಟು ಬೋಲ್ಟು ಸಡಿಲಾಗುವುದು, ಹೆಡ್‌ಲೈಟ್ ಬಲ್ಬ್ ಮೇಲಿಂದ ಮೇಲೆ ಹೋಗುವುದು, ಬ್ಯಾಟರಿ ಕೆಡುವುದು, ಮಡ್‌ಗಾರ್ಡ್ ಬಿರುಕು ಬಿಡುವುದು. ಕೊನೆಗೆ ಅಪಾಯದ ಹಂತ, ಚೌಕಟ್ಟಿನ ವೆಲ್ಡಿಂಗ್ ಪಕ್ಕದಲ್ಲೇ ಕೂದಲಿನಂಥ ಸೀಳು. ಬಣ್ಣದ ಕೆಳಗೆ ಇದು ಕಾಣುವುದಿಲ್ಲ. ತುಕ್ಕಿನ ಸಣ್ಣ ಗೆರೆ ಕಂಡರೆ ಅನುಮಾನಪಡಬೇಕು.

ತಂಪಿನ ವಿಚಾರವೂ ಇದೆ. ಗಾಳಿಯಿಂದ ತಣಿಯುವ ಪಂಪ್‌ಸೆಟ್ ಎಂಜಿನ್ನಿಗೆ ಫ್ಲೈವೀಲ್‌ನಲ್ಲೇ ಫ್ಯಾನ್ ಇರುತ್ತದೆ, ಆ ಗಾಳಿಯನ್ನು ಸಿಲಿಂಡರಿಗೆ ಒಯ್ಯಲು ತಗಡಿನ ಹೊದಿಕೆ ಇರುತ್ತದೆ. ಜಾಗ ಸಾಲದೆಂದು ಅದನ್ನು ಕಿತ್ತೆಸೆದರೆ ಹೆದ್ದಾರಿಯಲ್ಲಿ ಏನೂ ಅನ್ನಿಸದೆ ಇರಬಹುದು. ಸಿಗ್ನಲ್ಲಿನಲ್ಲಿ, ಘಟ್ಟ ಹತ್ತುವಾಗ ಎಂಜಿನ್ ಬೇಯುತ್ತದೆ.

ಕಾರ್ಖಾನೆಯಿಂದಲೇ ಬಂದ ಡೀಸೆಲ್ ಬುಲೆಟ್ಟಿಗೂ ಗ್ಯಾರೇಜಿನಲ್ಲಿ ಹುಟ್ಟಿದ ಡೀಸೆಲ್ ಬೈಕಿಗೂ ಇರುವ ವ್ಯತ್ಯಾಸ ಇದೇ. ಮೊದಲನೆಯದರಲ್ಲಿ ಈ ಜೋಡಣೆಯನ್ನು ಎಂಜಿನಿಯರುಗಳು ಒಮ್ಮೆ ಲೆಕ್ಕ ಹಾಕಿದ್ದಾರೆ. ಎರಡನೆಯದರಲ್ಲಿ ಆ ಲೆಕ್ಕವನ್ನು ಮಾಡಿದವರು ಯಾರು ಎಂದು ಕೇಳಿಕೊಳ್ಳಬೇಕು.

'ರಿಪೇರಿಯೇ ಇಲ್ಲ' ಎಂಬ ಮಾತು

ಪ್ಲಗ್, ಕಾಯಿಲ್, ಕಾರ್ಬ್ಯುರೇಟರ್ ಇಲ್ಲ ನಿಜ. ಆದರೆ ಕೆಲಸ ಕಡಿಮೆಯಾಗುವುದಿಲ್ಲ, ಜಾಗ ಬದಲಿಸುತ್ತದೆ.

ಎಂಜಿನ್ ಆಯಿಲ್: ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಆಯಿಲ್‌ಗೆ ಇಳಿಯುತ್ತದೆ. ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಆದರೆ ಸಮಯಕ್ಕೆ ಬದಲಿಸಲೇಬೇಕು. ಇಂಥ ಸಣ್ಣ ಎಂಜಿನ್‌ಗಳಿಗೆ ಆಯಿಲ್ ಬದಲಾವಣೆಯನ್ನು ಸಾಮಾನ್ಯವಾಗಿ 100ರಿಂದ 250 ಗಂಟೆಗೊಮ್ಮೆ ಎಂದು ಹೇಳಿರುತ್ತಾರೆ. ಬೈಕಿನ ಮೀಟರ್ ತೋರಿಸುವುದು ಕಿಲೋಮೀಟರ್. ಸರಾಸರಿ 40 ಕಿ.ಮೀ. ವೇಗದಲ್ಲಿ 100 ಗಂಟೆ ಎಂದರೆ 4,000 ಕಿ.ಮೀ. ಪೇಟೆಯಲ್ಲಿ ಸರಾಸರಿ 25 ಕಿ.ಮೀ. ವೇಗವಾದರೆ ಅದೇ 100 ಗಂಟೆ ಬರೀ 2,500 ಕಿ.ಮೀ. ಆಗುತ್ತದೆ. ಎಂಜಿನ್ ಹೊಸದಾದರೆ ಅಥವಾ ರಿಂಗ್ ಬದಲಿಸಿದ್ದರೆ ಮೊದಲ ಬದಲಾವಣೆ ಇನ್ನೂ ಬೇಗ.

ಏರ್ ಫಿಲ್ಟರ್: ಪೆಟ್ರೋಲ್ ಬೈಕ್‌ನಲ್ಲಿ ಆಕ್ಸಿಲರೇಟರ್ ತಿರುಗಿಸಿದಷ್ಟೇ ಗಾಳಿ ಒಳಗೆ ಹೋಗುತ್ತದೆ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಪ್ರತಿ ಸಲ ಪೂರ್ತಿ ಉಸಿರೆಳೆಯುತ್ತದೆ. ಫಿಲ್ಟರ್ ಸರಿಯಿಲ್ಲದಿದ್ದರೆ ನಮ್ಮ ಹಳ್ಳಿ ರಸ್ತೆಯ ದೂಳು ಮರಳು ಕಾಗದದಂತೆ ರಿಂಗ್ ಮತ್ತು ಸಿಲಿಂಡರನ್ನು ಉಜ್ಜಿ ತೆಗೆಯುತ್ತದೆ. 'ಸಾವಿಲ್ಲದ' ಎಂಜಿನ್ನನ್ನು ಬೇಗ ಕೊಲ್ಲುವ ಸುಲಭ ದಾರಿ ಇದೇ.

ಡೀಸೆಲ್ ಫಿಲ್ಟರ್ ಮತ್ತು ನೀರು: ಪಂಪು, ನಾಝಲ್ ಒಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಕಸ, ನೀರು, ತುಕ್ಕು ಹೋದರೆ ಕೆಟ್ಟಿತು. ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಪೈಪಿನಲ್ಲಿ ಏರ್ ಹಿಡಿದರೆ ಅದನ್ನು ತೆಗೆಯುವವರೆಗೆ ಎಷ್ಟು ಕಿಕ್ ಹೊಡೆದರೂ ಗಾಡಿ ಶುರುವಾಗದು.

ನಾಝಲ್, ಪಂಪ್ ಮತ್ತು ವಾಲ್ವ್: ಕಪ್ಪು ಹೊಗೆ, ಶಕ್ತಿ ಕುಂದುವುದು, ಕಟಕಟ ಸದ್ದು ಹೆಚ್ಚುವುದು ಕಂಡರೆ ನಾಝಲ್ ಪರೀಕ್ಷೆ ಬೇಕು. ಇದು ಬೈಕ್ ಗ್ಯಾರೇಜಿನ ಕೆಲಸವಲ್ಲ, ಡೀಸೆಲ್ ಪಂಪ್ ಸರ್ವಿಸ್ ಮಾಡುವವರ ಕೆಲಸ. ಅವರಿಗೆ ಒತ್ತಡ ಅಳೆಯುವ ಯಂತ್ರ ಇರುತ್ತದೆ. ವಾಲ್ವ್ ಅಂತರವನ್ನೂ ಕಾಲಕಾಲಕ್ಕೆ ಸರಿಪಡಿಸಿಸಬೇಕು.

ನಟ್ಟು, ಚೈನ್, ಚೌಕಟ್ಟು: ವಾರಕ್ಕೊಮ್ಮೆ ಸ್ಪ್ಯಾನರ್ ಹಿಡಿದು ಎಂಜಿನ್ ಕೂರಿಸಿದ ಬೋಲ್ಟ್‌ಗಳನ್ನು ಬಿಗಿ ನೋಡುವುದು ಇಲ್ಲಿ ಮುಖ್ಯ ಕೆಲಸ. ಜೊತೆಗೆ ಚೈನಿನ ಸಡಿಲ, ವೆಲ್ಡಿಂಗ್ ಬದಿಯ ಸೀಳು.

ಬಿಡಿಭಾಗಗಳ ಮಾತೂ ಇದರೊಳಗೇ ಬರುತ್ತದೆ. ಗ್ರೀವ್ಸ್ ಎಂಜಿನ್‌ಗಳು ಡೀಸೆಲ್ ಆಟೊಗಳಲ್ಲೂ ಬಂದಿದ್ದರಿಂದ ಕೆಲವು ಸಾಮಾನು ಈಗಲೂ ಸಿಗಬಹುದು. ಹಾಗೆಂದು ಆಟೊ ಎಂಜಿನ್ನಿನ ಎಲ್ಲ ಭಾಗವೂ 325 ಸಿಸಿ ಎಂಜಿನ್ನಿಗೆ ಕೂರುವುದಿಲ್ಲ. ಲೇತ್‌ನಲ್ಲಿ ಮಾಡಿಸಿದ ಅಡಾಪ್ಟರ್ ಅಂತೂ ಯಾವ ಅಂಗಡಿಯಲ್ಲೂ ಇರದು. ಅದು ಮುರಿದ ದಿನ, ಮಾಡಿಕೊಟ್ಟವರೇ ಮತ್ತೆ ಸಿಗಬೇಕು.

ಅಡುಗೆ ಎಣ್ಣೆ, ಸೀಮೆಎಣ್ಣೆ ಹಾಕಬಹುದೇ?

ಒಂದೆರಡು ದಿನ ಓಡುತ್ತದೆ, ವಿಡಿಯೊಗೆ ಅಷ್ಟು ಸಾಕು. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲ್ ಅದನ್ನು ನುಣ್ಣನೆಯ ಮಂಜಿನಂತೆ ಸಿಂಪಡಿಸಲಾರದು. ದಪ್ಪ ಹನಿಗಳು ಅರೆಬರೆ ಉರಿದು ನಾಝಲ್ ತುದಿಯಲ್ಲಿ ಕರಕಲು ಕಟ್ಟುತ್ತವೆ, ರಿಂಗ್‌ಗಳು ಅಂಟಿಕೊಳ್ಳುತ್ತವೆ, ಉಳಿದದ್ದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ಅಂಟಾಗಿಸುತ್ತದೆ. ಸೀಮೆಎಣ್ಣೆಯದು ಇದಕ್ಕೆ ತಿರುವುಮುರುವು. ಅದು ತೆಳು, ಜಿಡ್ಡು ಕಡಿಮೆ. ಡೀಸೆಲ್ಲಿನ ಜಿಡ್ಡನ್ನೇ ನಂಬಿರುವ ಪಂಪು ಸವೆಯುತ್ತದೆ.

ಹಾಗಾದರೆ ಹೊಂಗೆ ಎಣ್ಣೆಯಿಂದ ಗಾಡಿ ಓಡಿಸಿದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ. ಆದರೆ ಬಯೋಡೀಸೆಲ್ ಎಂದರೆ ಗಾಣದಿಂದ ತಂದು ಟ್ಯಾಂಕಿಗೆ ಸುರಿದ ಎಣ್ಣೆಯಲ್ಲ. ಎಣ್ಣೆಯನ್ನು ಆಲ್ಕೊಹಾಲ್ ಜೊತೆ ರಾಸಾಯನಿಕ ಕ್ರಿಯೆಗೆ ಒಳಪಡಿಸಿ, ಗ್ಲಿಸರಿನ್ ಬೇರ್ಪಡಿಸಿ, ತೆಳುವಾಗಿಸಿದ ಇಂಧನ ಅದು.

ಉಳಿತಾಯ ಎಷ್ಟು? ಯಾವುದಕ್ಕೆ ಹೋಲಿಸಿ?

ಡೀಸೆಲ್ ಎಂಜಿನ್ ಇಂಧನವನ್ನು ಚೆನ್ನಾಗಿ ಬಳಸುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಶೇ. 10ರಿಂದ 15ರಷ್ಟು ಹೆಚ್ಚು ಶಕ್ತಿಯೂ ಇದೆ. ಆದರೆ ಮೈಲೇಜಿನ ದೊಡ್ಡ ಪಾಲು ಬರುವುದು ಬೇರೆ ಕಡೆಯಿಂದ. ಗಾಡಿ ನಿಧಾನ, ಶಕ್ತಿ ಕಡಿಮೆ. ಹಳೆಯ ಪೆಟ್ರೋಲ್ ಬುಲೆಟ್ 350ರ ಶಕ್ತಿ ಸುಮಾರು 18 ಎಚ್‌ಪಿ, ಡೀಸೆಲ್‌ನದು 6.5. ಸ್ಪ್ಲೆಂಡರ್‌ನಂಥ 100 ಸಿಸಿ ಬೈಕ್‌ನ ಶಕ್ತಿಯೇ ಸುಮಾರು 8 ಎಚ್‌ಪಿ, ಅದರ ತೂಕ ಸುಮಾರು 110 ಕೆ.ಜಿ. ಡೀಸೆಲ್ ಬುಲೆಟ್ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಅದರ ಎರಡರಷ್ಟಕ್ಕೆ ಹತ್ತಿರದ ತೂಕ ಎಳೆಯಬೇಕು.

ಸುಲಭ ಲೆಕ್ಕಕ್ಕೆ ಪೆಟ್ರೋಲ್ 100 ರೂಪಾಯಿ, ಡೀಸೆಲ್ 90 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ 9,000 ಕಿ.ಮೀ. ಓಡಾಟ. ಲೀಟರಿಗೆ 75 ಕಿ.ಮೀ. ಕೊಡುವ ಡೀಸೆಲ್ ಬೈಕ್‌ಗೆ 120 ಲೀಟರ್, ಅಂದರೆ 10,800 ರೂಪಾಯಿ. 35 ಕಿ.ಮೀ. ಕೊಡುವ ಪೆಟ್ರೋಲ್ ಬುಲೆಟ್‌ಗೆ ಸುಮಾರು 25,700 ರೂಪಾಯಿ. ಉಳಿತಾಯ ದೊಡ್ಡದಾಗಿ ಕಾಣುತ್ತದೆ. ಅದೇ 60 ಕಿ.ಮೀ. ಕೊಡುವ ಸಾಧಾರಣ 100 ಸಿಸಿ ಬೈಕ್‌ಗೆ ಹೋಲಿಸಿ. ಖರ್ಚು 15,000 ರೂಪಾಯಿ, ಉಳಿತಾಯ 4,200 ಮಾತ್ರ. ಒಂದು ಸಲ ಕ್ಲಚ್, ಚೈನ್ ಸ್ಪ್ರಾಕೆಟ್, ಪಂಪ್ ಸರ್ವಿಸ್ ಒಟ್ಟಿಗೆ ಬಂದರೆ ಆ ವರ್ಷದ ಉಳಿತಾಯ ಮುಗಿಯಿತು. ಎಂಜಿನ್ ಬದಲಿಸಲು ಕೊಟ್ಟ ಹಣ ಇದರಲ್ಲಿ ಇನ್ನೂ ಸೇರಿಲ್ಲ.

ಬೆಲೆಯ ಅಂತರವೂ ಹಿಂದಿನಂತಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದರು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲ್‌ಗಿಂತಲೂ ದುಬಾರಿಯಾಗಿತ್ತು. ಡೀಸೆಲ್ ಬುಲೆಟ್ ಮೂಲೆಗೆ ಸರಿದದ್ದರ ಹಿಂದೆ ಪಿತೂರಿ ಹುಡುಕಬೇಕಿಲ್ಲ. ಹೊಗೆಯ ನಿಯಮ ಬಿಗಿಯಾದವು, ನಾಲ್ಕು ಸ್ಟ್ರೋಕಿನ ಸಣ್ಣ ಪೆಟ್ರೋಲ್ ಬೈಕ್‌ಗಳು ಒಳ್ಳೆಯ ಮೈಲೇಜ್ ಕೊಡಲು ಶುರುಮಾಡಿದವು. ಕೊಳ್ಳುವವರು ಅತ್ತ ಹೋದರು.

ಜೀವಕ್ಕೆ ತಾಗುವ ವಿಷಯಗಳು

ಕೀ ತೆಗೆದರೂ ನಿಲ್ಲದ ಎಂಜಿನ್: ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡವಾದ್ದರಿಂದ ಬರೀ ಕರೆಂಟ್ ಕತ್ತರಿಸಿದರೆ ಅದು ನಿಲ್ಲುವುದಿಲ್ಲ, ಇಂಧನ ನಿಲ್ಲಿಸಬೇಕು. ರಿಂಗ್ ತೀರಾ ಸವೆದು ಎಂಜಿನ್ ತನ್ನದೇ ಆಯಿಲ್ ಎಳೆದು ಉರಿಸಲು ಶುರುಮಾಡಿದರೆ ಡೀಸೆಲ್ ನಿಲ್ಲಿಸಿದರೂ ವೇಗ ಏರುತ್ತಲೇ ಹೋಗುತ್ತದೆ. ಗವರ್ನರ್ ಮಾತನ್ನೂ ಅದು ಕೇಳುವುದಿಲ್ಲ. ಓಡುವಾಗ ಹೀಗಾದರೆ ಮೊದಲು ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ. ಆಮೇಲೆ ಟಾಪ್ ಗೇರ್ ಹಾಕಿ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಇಲ್ಲವೇ ಗಾಳಿಯ ಬಾಯಿಯನ್ನು ಹಲಗೆಯಂಥ ಗಟ್ಟಿ ವಸ್ತುವಿನಿಂದ ಮುಚ್ಚಬೇಕು, ಬರಿಗೈಯಿಂದ ಬೇಡವೇ ಬೇಡ. ಎರಡೂ ಆಗದಿದ್ದರೆ ದೂರ ಸರಿಯಿರಿ.

ನಾಝಲ್ ಚಿಮ್ಮು: ನಾಝಲ್ ಬಿಚ್ಚಿ ಪರೀಕ್ಷಿಸುವಾಗ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗುರುತು ಕಾಣಬಹುದು, ಮೊದಲು ನೋವೂ ಇರದಿರಬಹುದು. ಆದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನಾಯಿತೆಂದು ವೈದ್ಯರಿಗೆ ಹೇಳಿ. ತಡವಾದರೆ ಬೆರಳೇ ಹೋಗಬಹುದು.

ಹೊಗೆ ಮತ್ತು ನಡುಕ: ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಸ್ಪಷ್ಟವಾಗಿ ವರ್ಗೀಕರಿಸಿತು. ಹಳೆಯ ಸಣ್ಣ ಎಂಜಿನ್ನಿನಲ್ಲಿ ಈ ಹೊಗೆಯನ್ನು ಸೋಸುವ ವ್ಯವಸ್ಥೆ ಇರುವುದಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಓಡಿಸಬೇಡಿ. ದಿನವೂ ಗಂಟೆಗಟ್ಟಲೆ ಜೋರು ನಡುಕದ ಹ್ಯಾಂಡಲ್ ಹಿಡಿದರೆ ಬೆರಳು ಜೋಮು ಹಿಡಿಯುವ, ಬಿಳಿಚುವ ತೊಂದರೆ ಬರಬಹುದು. ಅದು ಬಂದರೆ ಅಭ್ಯಾಸವಾಗುತ್ತದೆ ಎಂದು ಸುಮ್ಮನಿರಬೇಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳಿಗೆ ಮಾನ್ಯತೆಯ ಪದ್ಧತಿ ಇದೆ. ಪಂಪ್‌ಸೆಟ್ ಎಂಜಿನ್ ತಂದು ಬೈಕಿಗೆ ಕೂರಿಸುವುದು ಅದರೊಳಗೆ ಬರುವುದಿಲ್ಲ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಗಾಡಿಯಲ್ಲಿ ಡೀಸೆಲ್ ಎಂಜಿನ್ ಇದ್ದರೆ, ಅಪಘಾತವಾದ ದಿನ ವಿಮೆ ಕಂಪನಿಗೆ ತಕರಾರು ತೆಗೆಯಲು ಅಷ್ಟು ಸಾಕು. ಪರಿಹಾರದ ಹೊರೆ ಮಾಲೀಕರ ತಲೆಯ ಮೇಲೆ ಬೀಳಬಹುದು.

ಕೊಳ್ಳುವ ಮುನ್ನ ಇಷ್ಟು ನೋಡಿ

ಕಾರ್ಖಾನೆಯಿಂದಲೇ ಡೀಸೆಲ್ ಆಗಿ ಬಂದ ಹಳೆಯ ಬುಲೆಟ್ ಸಿಕ್ಕಿ, ಅದರ ಮೇಲೆ ಪ್ರೀತಿಯಿದ್ದರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಹೀಗೆ ಪರೀಕ್ಷಿಸಿ:

1. ಆರ್‌ಸಿಯಲ್ಲಿ ಇಂಧನ ಡೀಸೆಲ್ ಎಂದೇ ಇದೆಯೇ? ಎಂಜಿನ್ ನಂಬರ್, ಚಾಸಿಸ್ ನಂಬರ್ ಹೊಂದುತ್ತವೆಯೇ? ನೋಂದಣಿ ಚಾಲ್ತಿಯಲ್ಲಿದೆಯೇ?

2. ಎಂಜಿನ್ ತಣ್ಣಗಿರುವಾಗಲೇ ಶುರುಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ.

3. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಜೋರಾಗಿ ನುಗ್ಗಿದರೆ ರಿಂಗ್ ಸವೆದಿದೆ ಎಂದರ್ಥ.

4. ಎಂಜಿನ್ ನಿಲ್ಲಿಸುವ ಲಿವರ್ ಮತ್ತು ಕಿಕ್ ಹೊಡೆಯಲು ನೆರವಾಗುವ ಡಿಕಂಪ್ರೆಶನ್ ಲಿವರ್ ಎರಡೂ ಕೆಲಸ ಮಾಡುತ್ತಿರಬೇಕು.

5. ಎಂಜಿನ್ ಕೂರಿಸಿದ ಜಾಗದಲ್ಲಿ ಹೊಸ ವೆಲ್ಡಿಂಗ್, ಹೊಸ ಬಣ್ಣ ಕಂಡರೆ ಕಾರಣ ಕೇಳಿ.

6. ನಾಝಲ್, ಪಂಪ್ ಕೆಲಸ ಬಲ್ಲವರು ನಿಮ್ಮ ಊರಿನ ಹತ್ತಿರ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಪೆಟ್ರೋಲ್ ಬೈಕಿಗೆ ಡೀಸೆಲ್ ಎಂಜಿನ್ ಹಾಕಿಸಿ ಹಣ ಉಳಿಸುವ ಯೋಚನೆಯಿದ್ದರೆ ನಮ್ಮ ಸಲಹೆ ಒಂದೇ, ಬೇಡ. ಆ ಹಣಕ್ಕೆ ಸುಸ್ಥಿತಿಯ 100 ಸಿಸಿ ಬೈಕ್ ನೋಡಿ. ಡೀಸೆಲ್ ಎಂಜಿನ್ ಗಟ್ಟಿ ಎಂಬುದು ನಿಜ. ಅದರ ಗಟ್ಟಿತನ ಅದನ್ನು ಹೊತ್ತ ಚೌಕಟ್ಟಿಗಾಗಲಿ, ಚೈನಿಗಾಗಲಿ, ವೆಲ್ಡಿಂಗಿಗಾಗಲಿ ದಾಟುವುದಿಲ್ಲ. ಆ ವಿಡಿಯೊ ಮತ್ತೆ ಬಂದರೆ, ಮುಂದೆ ಕಳಿಸುವಾಗ ಇಷ್ಟನ್ನೂ ಜೊತೆಗೆ ಕಳಿಸಿ.